ಮುಷ್ಟಿಯ ವಿದ್ಯೆ

ವಿಜಯನಗರದಲ್ಲಿ ನಮ್ಮ ನೆರೆಯವರಾದ ವೃದ್ಧ ಮಿತ್ರರೊಬ್ಬರು ಒಂದು ಸಂಜೆ ನಮ್ಮ ಮನೆಗೆ ಬಂದು, ಮುಂದಿಟ್ಟ ಕಾಫಿಯನ್ನು ಮುಟ್ಟದೆಯೇ ಕೇಳಿದರು: “ಒಬ್ಬನ ಮುಖಕ್ಕೆ ಗುದ್ದುವುದನ್ನು ವಿದ್ಯೆಯೆಂದು ಕರೆಯಬಹುದೆ, ಸ್ವಾಮಿ?” ಅವರ ಮೊಮ್ಮಗ, ಹದಿನಾರು ವರ್ಷದ ಹುಡುಗ, ಪಕ್ಕದ ಬೀದಿಯಲ್ಲಿ ಔಷಧದ ಅಂಗಡಿಯ ಮೇಲಣ ಮಹಡಿಯಲ್ಲಿ ನಡೆಯುವ ಬಾಕ್ಸಿಂಗ್ ಶಾಲೆಗೆ ಸೇರಬೇಕೆಂದು ಹಟ ಹಿಡಿದಿದ್ದನು. ಮಿತ್ರರು ಸಂಗೀತವನ್ನು ಬಲ್ಲವರು. ವಿದ್ಯೆ ಎಂಬ ಮಾತನ್ನು ಹಗುರವಾಗಿ ಬಳಸತಕ್ಕವರಲ್ಲ. ಹುಡುಗನಾದರೋ ಆ ಮಾತನ್ನೇ ಅವರ ಮುಂದೆ ಬಳಸಿದ್ದನು. ಅವರಿಗೆ ಆಗ ತಕ್ಕ ಉತ್ತರವನ್ನು ಹೇಳಲು ನನ್ನಿಂದಾಗಲಿಲ್ಲ. “ಮೊದಲು ಹೋಗಿ ನೋಡೋಣ” ಎಂದೆನು. ಮರುದಿನ ಇಬ್ಬರೂ ಹೋದೆವು.

ಅರ್ಧ ಗಂಟೆ ಕುಳಿತು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಹುಡುಗರ ಕಾಲುಗಳು. ಎಡಗಾಲು ಮುಂದೆ, ಬಲಗಾಲು ಹಿಂದೆ ಓರೆಯಾಗಿ, ಹಿಮ್ಮಡಿ ಕೊಂಚ ಮೇಲೆದ್ದು, ಮೈಭಾರ ಎರಡು ಪಾದಗಳಿಗೂ ಹಂಚಿಕೊಂಡು. ಚಲಿಸುವಾಗ ಒಂದು ಕಾಲು ಇನ್ನೊಂದನ್ನು ದಾಟಕೂಡದು. ದಾಟಿದ ಕ್ಷಣದಲ್ಲಿ ಮನುಷ್ಯನು ಒಂಟಿಗಾಲಿನವನಾಗುತ್ತಾನೆ, ಎಳೆಯ ಮಗು ತಳ್ಳಿದರೂ ಬೀಳುತ್ತಾನೆ. ಗದ್ದವು ಎದೆಯ ಕಡೆಗೆ ಬಾಗಿರಬೇಕು. ಮುಷ್ಟಿಗಳು ಕೆನ್ನೆಯ ಮಟ್ಟದಲ್ಲಿ ಮುಖವನ್ನು, ಮೊಣಕೈಗಳು ಪಕ್ಕೆಲುಬನ್ನು ಕಾಯುತ್ತಿರಬೇಕು. ಇಷ್ಟನ್ನು ಕಲಿಯುವುದಕ್ಕೇ ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಆಮೇಲೆ ಗುದ್ದು. ನಾವು ಹೊರಗಿನವರು ಗುದ್ದು ತೋಳಿನಲ್ಲಿ ಹುಟ್ಟುತ್ತದೆಯೆಂದು ತಿಳಿದಿರುತ್ತೇವೆ. ಅದು ಹುಟ್ಟುವುದು ಹಿಂಗಾಲಿನಲ್ಲಿ. ಪಾದವು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಭುಜ ಅದನ್ನು ಹಿಂಬಾಲಿಸುತ್ತದೆ. ತೋಳು ಕಟ್ಟಕಡೆಗೆ ಚಾಚಿಕೊಳ್ಳುತ್ತದೆ. ತಾಕುವ ನಿಮಿಷದಲ್ಲಿ ಮಾತ್ರ ಮುಷ್ಟಿ ಬಿಗಿ, ಅಲ್ಲಿಯವರೆಗೆ ಸಡಿಲ. ಮೊದಲಿನಿಂದಲೇ ಬಿಗಿಹಿಡಿದವನು ಬೇಗ ದಣಿಯುತ್ತಾನೆ. ಮೇಲಾಗಿ ಅವನ ಬಿಗಿತವೇ ಎದುರಾಳಿಗೆ ಮುನ್ಸೂಚನೆಯಾಗುತ್ತದೆ.

ಆ ಶಾಲೆಯ ಶಿಕ್ಷಕನು ಹುಡುಗರನ್ನು ಹೆಚ್ಚಾಗಿ ಗದರಿದುದು ಹೊಡೆತ ಸಾಲದೆಂದಲ್ಲ, ಹೊಡೆದ ಕೈ ಹಿಂತಿರುಗಲಿಲ್ಲವೆಂದು. ಹೋದ ಕೈ ಹೋದ ದಾರಿಯಲ್ಲಿಯೇ ಕೆನ್ನೆಯ ಬಳಿಗೆ ಮರಳಬೇಕು. ಹೊಡೆದು ಹಿಗ್ಗಿ ಕೈ ಕೆಳಗೆ ಬಿಟ್ಟವನ ಮುಖ ಬಯಲಾಗುತ್ತದೆ. ಮಿತ್ರರು ಇದನ್ನು ಕೇಳಿ ಸ್ವಲ್ಪ ಮೆತ್ತಗಾದರು. “ಎಷ್ಟು ದೂರ ಸಂಚಾರ ಮಾಡಿದರೂ ಷಡ್ಜಕ್ಕೆ ಬಂದು ನಿಲ್ಲಬೇಕಲ್ಲ!” ಎಂದರು.

ಆದರೆ ಇದೆಲ್ಲವೂ ಒಬ್ಬನೇ ಕನ್ನಡಿಯ ಮುಂದೆ ಅಭ್ಯಸಿಸಬಹುದಾದ ಭಾಗ. ನಿಜವಾದ ನಿಪುಣತೆ ಇನ್ನೊಬ್ಬನು ಎದುರಿಗೆ ನಿಂತಾಗಲೇ ಹುಟ್ಟತಕ್ಕದ್ದು. ಅದರ ತಿರುಳು ಅಂತರದ ಜ್ಞಾನ. ಎದುರಾಳಿಯ ಕೈಗೆ ನಾಲ್ಕು ಬೆರಳು ಆಚೆ ನಿಂತು, ತನಗೆ ಬೇಕಾದಾಗ ಆ ನಾಲ್ಕು ಬೆರಳನ್ನು ದಾಟಿ, ಮತ್ತೆ ಹಿಂದಕ್ಕೆ ಬರಬಲ್ಲವನೇ ಬಲ್ಲವನು. ಜ್ಯಾಬ್ ಎಂದು ಕರೆಯುವ ಎಡಗೈಯ ನೇರ ಹೊಡೆತಕ್ಕೆ ನಿಪುಣರು ಇಷ್ಟು ಬೆಲೆ ಕೊಡುವುದು ಅದರ ಪೆಟ್ಟಿಗಾಗಿ ಅಲ್ಲ. ಅದು ಅವರಿಗೆ ಅಳತೆಯ ಕೋಲು. ಅದರಿಂದ ದೂರವನ್ನು ಅಳೆಯುತ್ತಾರೆ, ಎದುರಾಳಿಯ ಲಯವನ್ನು ಮುರಿಯುತ್ತಾರೆ, ಹುಸಿ ಹೊಡೆತಕ್ಕೆ ಅವನು ಹೇಗೆ ಬೆಚ್ಚುವನೆಂದು ಕಂಡುಕೊಳ್ಳುತ್ತಾರೆ. ಬರುವ ಪೆಟ್ಟಿಗೆ ತಲೆಯನ್ನು ಒಂದು ಮೊಳ ಸರಿಸುವವನು ಭೀತನು. ಬೇಕಾದಷ್ಟೇ ಸರಿಸಿ, ಸರಿದ ಸ್ಥಳದಿಂದಲೇ ಮರುಹೊಡೆತ ಕೊಡಬಲ್ಲವನು ನಿಪುಣನು. ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳದಿರುವುದೇ ಈ ವಿದ್ಯೆಯ ದೊಡ್ಡ ಪಾಲು.

ಬಲಕ್ಕೂ ನಿಪುಣತೆಗೂ ಇರುವ ಈ ಭೇದ ನಮಗೆ ಹೊಸದಲ್ಲ. ಶಲ್ಯಪರ್ವದಲ್ಲಿ ಧರ್ಮರಾಯನು, ಐವರಲ್ಲಿ ಯಾರೊಬ್ಬರನ್ನಾದರೂ ಗೆದ್ದರೆ ರಾಜ್ಯ ನಿನ್ನದೆಂದು ದುರ್ಯೋಧನನಿಗೆ ಉದಾರವಾಗಿ ಮಾತು ಕೊಟ್ಟುಬಿಡುತ್ತಾನೆ. ಕೃಷ್ಣನಿಗೆ ಕೋಪ ಬರುತ್ತದೆ. ಭೀಮನಿಗೆ ಬಲವಿದೆ, ಸುಯೋಧನನಿಗೆ ಪಳಗಿದ ಕೈಯಿದೆ. ಬಲಿಷ್ಠನಿಗೂ ಪಳಗಿದವನಿಗೂ ಬಿದ್ದರೆ ಪಳಗಿದವನೇ ಮೇಲು ಎಂಬುದು ಅವನ ಅಭಿಪ್ರಾಯ. ಭೀಮನನ್ನು ಕೊಲ್ಲುವ ಆಸೆಯಿಂದ ದುರ್ಯೋಧನನು ಕಬ್ಬಿಣದ ಪುರುಷನೊಬ್ಬನನ್ನು ಮಾಡಿಸಿಕೊಂಡು ಹದಿಮೂರು ವರ್ಷ ಅದರ ಮೇಲೆ ಗದೆಯ ಅಭ್ಯಾಸ ಮಾಡಿದನೆಂದೂ ಅಲ್ಲಿಯೇ ಬರುತ್ತದೆ. ಮಹಡಿಯ ಮೇಲೆ ಸರಪಣಿಯಿಂದ ತೂಗಾಡುವ ಚರ್ಮದ ಮೂಟೆಯನ್ನು ಕಂಡಾಗ ನನಗೆ ಆ ಕಬ್ಬಿಣದ ಭೀಮನ ನೆನಪಾಯಿತು. ಇಷ್ಟು ಪಳಗಿದ ಕೈ ಕೊನೆಗೆ ಸೋತದ್ದು ಹೇಗೆ? ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ಮೇರೆಯನ್ನು ಭೀಮನು ಮೀರಿದುದರಿಂದ. ಬಲರಾಮನು ನೇಗಿಲನ್ನೆತ್ತಿ ಬಂದದ್ದು ಶಿಷ್ಯಪಕ್ಷಪಾತದಿಂದ ಮಾತ್ರವೆಂದು ಹೇಳಲಾರೆನು. ಅವನು ಗುರು, ವಿದ್ಯೆ ಕೆಟ್ಟಿತೆಂದು ಕಂಡನು. ರನ್ನನ ಗದಾಯುದ್ಧವನ್ನು ಓದುವಾಗ ದುರ್ಯೋಧನನ ಮೇಲೆ ನಮಗೆ ಮರುಕ ಹುಟ್ಟುವುದಕ್ಕೂ ಇದು ಒಂದು ಕಾರಣವಾಗಿರಬಹುದು. ಇಬ್ಬರೂ ಒಪ್ಪಿದ ಒಂದು ಗೆರೆಯ ಒಳಗೆ ಮಾತ್ರ ನಿಪುಣತೆ ಬದುಕುತ್ತದೆ. ಗೆರೆ ಅಳಿಸಿದರೆ ಉಳಿಯುವುದು ಬಲ ಒಂದೇ.

ಗೆರೆಯೊಳಗೆ ಈ ವಿದ್ಯೆ ಎಷ್ಟು ಎತ್ತರಕ್ಕೆ ಏರಬಹುದೆಂಬುದಕ್ಕೆ ಗ್ರೀಕರ ಒಂದು ಕಥೆ ಸಾಕ್ಷಿ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಕಾರಿಯಾ ದೇಶದ ಮೆಲಂಕೋಮಸ್ ಎಂಬ ಮುಷ್ಟಿಮಲ್ಲನಿದ್ದನು. ವಾಗ್ಮಿ ದಿಯೋನನು ಅವನನ್ನು ಕುರಿತು ಹೇಳಿರುವಂತೆ, ಅವನು ಎದುರಾಳಿಯನ್ನು ಹೊಡೆಯದೆ, ತಾನೂ ಹೊಡೆಸಿಕೊಳ್ಳದೆ ಗೆಲ್ಲುತ್ತಿದ್ದನು. ಎತ್ತಿದ ಕೈಗಳನ್ನು ಎರಡು ದಿನ ಇಳಿಸದೆ ನಿಲ್ಲಬಲ್ಲನಂತೆ. ಎದುರಾಳಿ ದಣಿದು ತಾನೇ ಸೋಲನ್ನು ಒಪ್ಪುತ್ತಿದ್ದನಂತೆ. ಗಾಯಮಾಡುವುದೂ ಗಾಯಗೊಳ್ಳುವುದೂ ಶೌರ್ಯವಲ್ಲ, ಶ್ರಮವನ್ನು ತಾಳಲಾರದವರು ಬೇಗ ಮುಗಿಸಿಕೊಳ್ಳುವ ಉಪಾಯ ಎಂದು ಅವನ ಮತವಾಗಿತ್ತು. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆಯಿದ್ದೀತು. ಆದರೂ ಇಂಥವನು ವಂದ್ಯನೆಂದು ಒಂದು ಜನಾಂಗಕ್ಕೆ ತೋರಿತಲ್ಲ, ಅದು ಗಮನಿಸತಕ್ಕ ಮಾತು.

ಇಲ್ಲಿ ನನ್ನ ಮಿತ್ರರ ಆಕ್ಷೇಪಣೆ ಪುನಃ ತಲೆಯೆತ್ತುತ್ತದೆ. ಹೊಡೆಸಿಕೊಳ್ಳದಿರುವುದೇ ವಿದ್ಯೆಯಾದರೆ, ಎದುರಾಳಿಯ ಅರಿವು ತಪ್ಪಿಸಿ ಕೆಡವಿದವನಿಗೆ ಆಟದ ಅತಿ ದೊಡ್ಡ ಜಯವನ್ನು ಏಕೆ ಕೊಡುತ್ತಾರೆ? ಸಂಗೀತಗಾರನ ಪರಿಪೂರ್ಣತೆಯಿಂದ ಯಾರಿಗೂ ನೋವಿಲ್ಲ. ಇಲ್ಲಿ ಹತ್ತು ಎಣಿಸುವುದರೊಳಗೆ ಏಳಲಾರದೆ ಬಿದ್ದಿರುವ ಒಬ್ಬ ಮನುಷ್ಯನೇ ಪರಿಪೂರ್ಣತೆಯ ಗುರುತು. ಇದು ಸುಲಭವಾಗಿ ತಳ್ಳಿಹಾಕಬಹುದಾದ ಆಕ್ಷೇಪಣೆಯಲ್ಲ.

ಈ ಆಟದ ನಿಯಮಗಳ ಚರಿತ್ರೆಯೇ ಸಾವಿನ ಸಮೀಪದಲ್ಲಿ ಆರಂಭವಾಗುತ್ತದೆ. ಇಂಗ್ಲೆಂಡಿನ ಜ್ಯಾಕ್ ಬ್ರೌಟನ್ ತನ್ನೊಡನೆ ಕಾದಿದವನೊಬ್ಬನು ಸತ್ತ ದುಃಖದಿಂದ 1743ರಲ್ಲಿ ಮೊದಲ ನಿಯಮಗಳನ್ನು ಬರೆದನೆಂದು ಹೇಳುತ್ತಾರೆ. ಬಿದ್ದವನನ್ನು ಹೊಡೆಯಬಾರದೆಂಬುದು ಅವುಗಳಲ್ಲೊಂದು. 1867ರ ಕ್ವೀನ್ಸ್‌ಬರಿ ನಿಯಮಗಳು ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿಶ್ರಾಂತಿ, ಹತ್ತರ ಎಣಿಕೆ ಮತ್ತು ಕೈಗವಸುಗಳನ್ನು ತಂದುವು. ಕೈಗವಸು ದಯೆಯ ಗುರುತೆಂದು ನೋಡುವವರಿಗೆ ತೋರುತ್ತದೆ. ಆದರೆ ಅದು ಮುಖ್ಯವಾಗಿ ಕಾಯುವುದು ಹೊಡೆಯುವವನ ಕೈಮೂಳೆಯನ್ನು. ಬರಿಗೈಯಲ್ಲಿ ತಲೆಬುರುಡೆಗೆ ಪೂರ್ಣ ಬಲದಿಂದ ಗುದ್ದಿದರೆ ಮೊದಲು ಮುರಿಯುವುದು ಗುದ್ದಿದವನ ಬೆರಳು. ಮೆತ್ತೆ ಬಂದ ಮೇಲೆ ಆ ಹೆದರಿಕೆ ತಪ್ಪಿತು. ಹೊರಗೆ ಚರ್ಮ ಹರಿಯುವುದು ಕಡಮೆಯಾಯಿತು, ಒಳಗೆ ಮಿದುಳು ಅಲುಗುವುದು ನಿಲ್ಲಲಿಲ್ಲ. ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿ, ಹಲವು ವರ್ಷ ಪೆಟ್ಟು ತಿಂದ ಮಲ್ಲರು ಕುಡಿದವರಂತೆ ತೊದಲುವುದನ್ನೂ ತತ್ತರಿಸುವುದನ್ನೂ ವರ್ಣಿಸಿ ವೈದ್ಯರ ಗಮನವನ್ನು ಇತ್ತ ಸೆಳೆದನು. ತಲೆಗವಸೂ ಇದಕ್ಕೆ ಪೂರ್ತಿ ಪರಿಹಾರವಲ್ಲ. 1984ರಿಂದ ಒಲಿಂಪಿಕ್ ಪಂದ್ಯಗಳಲ್ಲಿದ್ದ ತಲೆಗವಸನ್ನು 2013ರಲ್ಲಿ ಹಿರಿಯ ಪುರುಷರ ಹವ್ಯಾಸಿ ಪಂದ್ಯಗಳಿಂದ ತೆಗೆದೇ ಬಿಟ್ಟರು.

ಮಹಮ್ಮದ್ ಅಲಿಯ ಜೀವನವನ್ನು ಬಲ್ಲವರು ಇನ್ನೊಂದು ಸೂಕ್ಷ್ಮವನ್ನು ಕಾಣಬಹುದು. ಯೌವನದಲ್ಲಿ ಅವನ ಕಾಲುಗಳೇ ಅವನ ಕವಚ. ಪೆಟ್ಟು ಅವನಿದ್ದ ಸ್ಥಳಕ್ಕೆ ಬರುವಷ್ಟರಲ್ಲಿ ಅವನು ಅಲ್ಲಿರುತ್ತಿರಲಿಲ್ಲ. ಯುದ್ಧಸೇವೆಯನ್ನು ನಿರಾಕರಿಸಿದುದಕ್ಕಾಗಿ 1967ರಿಂದ 1970ರವರೆಗೆ ಕಣದಿಂದ ಹೊರಗಿರಬೇಕಾಯಿತು. ಹಿಂತಿರುಗಿದಾಗ ಕಾಲು ಮೊದಲಿನಂತಿರಲಿಲ್ಲ. ಪೆಟ್ಟು ತಾಳುವುದನ್ನು ಕಲಿತನು. 1974ರಲ್ಲಿ ಕಿನ್ಷಾಸದಲ್ಲಿ ಹಗ್ಗಕ್ಕೊರಗಿ ಫೋರ್ಮನ್ನನ ಗುದ್ದುಗಳನ್ನು ಸಹಿಸಿ, ಅವನನ್ನು ದಣಿಸಿ ಗೆದ್ದದ್ದನ್ನು ಜಗತ್ತು ಹಾಡಿ ಹೊಗಳಿತು. ಕಾಲಿನ ನಿಪುಣತೆ ಕಡಮೆಯಾದಲ್ಲಿ ಧೈರ್ಯ ಬಂದು ಕುಳಿತಿತ್ತು. ಜನರಿಗೆ ಅದೇ ಹೆಚ್ಚು ರುಚಿಸಿತು. 1984ರಲ್ಲಿ ಅವನಿಗೆ ಪಾರ್ಕಿನ್ಸನ್ ವ್ಯಾಧಿಯೆಂದು ತಿಳಿಯಿತು. ಇದಕ್ಕೆ ಅದೇ ಕಾರಣವೆಂದು ನಿರ್ಣಯಿಸುವುದು ನನ್ನ ಕೆಲಸವಲ್ಲ. ನೋಡುವವರಾದ ನಾವು ಏನನ್ನು ಮೆಚ್ಚುತ್ತೇವೆಂಬುದನ್ನು ಮಾತ್ರ ಹೇಳುತ್ತಿದ್ದೇನೆ.

ದೂರದ ಮಾತೇಕೆ? 2022ರ ಜುಲೈಯಲ್ಲಿ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿಯೇ, ಜ್ಞಾನಭಾರತಿಯ ಕಡೆ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ ತರುಣನೊಬ್ಬನು ಪೆಟ್ಟಿನಿಂದ ಬಿದ್ದು, ಆಸ್ಪತ್ರೆಯಲ್ಲಿ ತೀರಿಕೊಂಡನು. ಅದು ಕಾಲನ್ನೂ ಬಳಸುವ ಬೇರೊಂದು ಆಟವೆಂಬುದು ನಿಜ; ಆದರೆ ಮಹಡಿಯ ಮೆಟ್ಟಿಲನ್ನು ಹತ್ತುವಾಗ ನನ್ನ ಮಿತ್ರರ ಮನಸ್ಸಿನಲ್ಲಿದ್ದುದು ಆ ಸುದ್ದಿಯೇ.

ಈ ಸಂದರ್ಭದಲ್ಲಿ ನಮ್ಮ ನಾಡಿನ ಜೆಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ನೆನೆಯಬೇಕು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಮಲ್ಲವಿನೋದವನ್ನು ವಿವರಿಸುವಷ್ಟು ಈ ವಿದ್ಯೆಗೆ ಇಲ್ಲಿ ಗೌರವವಿತ್ತು. ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ನಡೆಯುವ ಕಾಳಗಕ್ಕೆ ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜೆಟ್ಟಿಗಳಿಂದ ಸಮಜೋಡಿಗಳನ್ನು ಹಿರಿಯ ವಸ್ತಾದರು ಮುಂಚಿತವಾಗಿ ಆರಿಸುತ್ತಾರೆ. ತಲೆ ಬೋಳಿಸಿ, ಕೊಂಬಿನಿಂದಲೋ ದಂತದಿಂದಲೋ ಮಾಡಿದ ಮೊನೆಯುಳ್ಳ ಆಯುಧವನ್ನು ಬೆರಳಿಗೆ ತೊಟ್ಟು ಇಳಿಯುತ್ತಾರೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಕೈಗವಸಿನ ಮುಂದೆ ಇದು ಕ್ರೌರ್ಯದ ಪರಾಕಾಷ್ಠೆಯಂತೆ ತೋರುತ್ತದೆ. ಆದರೆ ತಲೆಯ ಮೇಲೆ ರಕ್ತದ ಮೊದಲ ಹನಿ ಕಂಡೊಡನೆ ಕಾಳಗ ನಿಂತಿತು. ಅನೇಕ ವೇಳೆ ಕೆಲವು ಕ್ಷಣಗಳ ಕೆಲಸ. ಹರಿದ ಚರ್ಮ ವಾರದಲ್ಲಿ ಕೂಡುತ್ತದೆ. ಮೆತ್ತೆಯ ಪೆಟ್ಟಿಗೆ ರಕ್ತವಿಲ್ಲ. ಆದುದರಿಂದ ನಿಲ್ಲಿಸೆಂದು ಹೇಳುವ ಗುರುತೂ ಇಲ್ಲ. ನಮ್ಮ ಹಿರಿಯರೇ ಹೆಚ್ಚು ದಯಾಳುಗಳೆಂದು ಸಾಧಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ಟಿಪ್ಪುವಿನ ಕಾಲದಲ್ಲಿ ಇದೇ ಜೆಟ್ಟಿಗಳಿಂದ ಮರಣದಂಡನೆಗಳನ್ನು ಮಾಡಿಸಿದುದೂ ಉಂಟು. ಮುರಿದ ಮೂಳೆಯನ್ನೂ ಉಳುಕಿದ ಕೀಲನ್ನೂ ಸರಿಪಡಿಸುವುದರಲ್ಲಿ ಅದೇ ಮನೆತನಗಳು ಹೆಸರಾದುದೂ ಉಂಟು. ಕೀಲೆಲ್ಲಿದೆಯೆಂದು ಬಲ್ಲ ಕೈಗೆ ಎರಡೂ ಸಾಧ್ಯ.

ಹೀಗೆ ಯೋಚಿಸಿದಾಗ ನನಗೆ ತೋರಿದ್ದು ಇದು: ಮುಷ್ಟಿಯುದ್ಧದಲ್ಲಿ ವಿದ್ಯೆಯಿದೆ, ಸಂದೇಹವಿಲ್ಲ, ಆದರೆ ಅದು ಕಾದುವ ಇಬ್ಬರಲ್ಲಿಯೇ ಪೂರ್ಣವಾಗುವುದಿಲ್ಲ. ಕಾದುವವನಿಗೆ ತನ್ನ ಮಂಪರು ತಿಳಿಯದು. ಗೆಲ್ಲುವವನಿಗೆ ನಿಲ್ಲಿಸುವ ವ್ಯವಧಾನವಿರದು. ಗೆರೆಯನ್ನು ಕಾಯುವ ಮೂರನೆಯವನ ಕಣ್ಣೂ ಆ ವಿದ್ಯೆಯ ಭಾಗವೇ. ಅವನಿಲ್ಲದ ಕಡೆ, ಹುಡುಗನ ಕಾಲು ಎಷ್ಟು ಚೆನ್ನಾಗಿ ಆಡಿದರೂ ಅದನ್ನು ವಿದ್ಯೆಯೆಂದು ಕರೆಯಲು ನನಗೆ ನಾಲಗೆ ಬಾರದು.

ಇದನ್ನು ಮಿತ್ರರಿಗೆ ಹೇಳಿದೆನು. ಅವರು ಹೂಂ ಎನ್ನಲೂ ಇಲ್ಲ, ಉಹುಂ ಎನ್ನಲೂ ಇಲ್ಲ. ಮರುದಿನ ತಾವೊಬ್ಬರೇ ಮಹಡಿಯನ್ನೇರಿ ಆ ಶಿಕ್ಷಕನನ್ನು ಕೇಳಿದರಂತೆ: “ನಿಮ್ಮ ಹುಡುಗರು ಎಷ್ಟು ಪಂದ್ಯ ಗೆದ್ದಿದ್ದಾರೆಂಬುದು ಗೋಡೆಯ ಮೇಲೆ ಬರೆದಿದೆ. ನೀವಾಗಿಯೇ ನಿಲ್ಲಿಸಿದ ಪಂದ್ಯಗಳೆಷ್ಟು?” ಶಿಕ್ಷಕನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆರಳು ಮಡಿಸುತ್ತ ನಾಲ್ಕು ಎಣಿಸಿದನು, ನಾಲ್ಕರಲ್ಲಿಯೂ ಟವಲನ್ನು ಕಣದೊಳಕ್ಕೆ ಎಸೆದವನು ತಾನೇ ಎಂದನು. ಅವರಲ್ಲಿ ಒಬ್ಬ ಹುಡುಗನು, ಗೆಲ್ಲುತ್ತಿದ್ದ ಪಂದ್ಯವನ್ನು ಕೆಡಿಸಿದಿರೆಂದು ಸಿಟ್ಟಾಗಿ, ಇಂದಿನವರೆಗೂ ತನ್ನೊಡನೆ ಮಾತಾಡಿಲ್ಲವೆಂದೂ ಹೇಳಿದನು. ಮಿತ್ರರು ಜೇಬಿನಿಂದ ಕನ್ನಡಕವನ್ನು ತೆಗೆದು, ಪ್ರವೇಶಪತ್ರ ಎಲ್ಲಿದೆಯೆಂದು ಕೇಳಿದರು.