ಸಂಬಳದಲ್ಲಿ ತೀರದ ಋಣ

ಅಮೆರಿಕದ ಬಾಸ್ಟನ್ನಿನಲ್ಲಿ ಕೆನ್ನೆತ್ ಶ್ವಾರ್ಟ್ಜ್ ಎಂಬ ವಕೀಲರಿದ್ದರು. ಆಸ್ಪತ್ರೆ, ಆರೋಗ್ಯ ವ್ಯವಸ್ಥೆಗೆ ಸಂಬಂಧಿಸಿದ ಕಾನೂನು ಅವರ ಕ್ಷೇತ್ರ. 1994ರ ಕೊನೆಯ ಹೊತ್ತಿಗೆ, ನಲವತ್ತನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮರುವರ್ಷ ಜುಲೈನಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆಯ ಮ್ಯಾಗಜೀನಿಗೆ ತಮ್ಮ ಕಾಯಿಲೆಯ ಬಗ್ಗೆ ದೀರ್ಘ ಲೇಖನ ಬರೆದರು, ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರಿನ ಸಂಸ್ಥೆಯೊಂದು ರೋಗಿ ಮತ್ತು ಶುಶ್ರೂಷಕರ ನಡುವಿನ ಮಾನವೀಯ ಸಂಬಂಧಕ್ಕಾಗಿ ಇಂದಿಗೂ ಕೆಲಸ ಮಾಡುತ್ತಿದೆ. ಆ ಲೇಖನದಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲು ವಿವರ ಬರೆದುಕೊಳ್ಳಲು ಬಂದ ಒಬ್ಬ ನರ್ಸಿನ ಪ್ರಸ್ತಾಪವಿದೆ. ಮೊದಮೊದಲು ಆಕೆಯ ಮಾತು ಚುಟುಕು, ಧಾಟಿ ಬಿಗಿ. ಮುಂದುವರಿದ ಕ್ಯಾನ್ಸರ್ ಇರುವುದು ಈಗಷ್ಟೇ ಗೊತ್ತಾಯಿತು ಎಂಬ ಉತ್ತರ ಕೇಳಿದ ಮೇಲೆ ಆಕೆ ಮೆತ್ತಗಾದರು, ಎರಡು ವರ್ಷದ ಮಗನ ಮಾತೂ ಬಂದು ಮುಗಿಯುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಆಪರೇಷನ್ನಿಗೆ ಒಯ್ಯುವ ಮುನ್ನ ತಾವಾಗಿಯೇ ಮತ್ತೊಮ್ಮೆ ಬಂದು, ಕೈ ಹಿಡಿದು, ತುಂಬಿದ ಕಣ್ಣಲ್ಲೇ ಒಳ್ಳೆಯದಾಗಲಿ ಎಂದರು. ಯಾರು ಯಾರಿಗೆ ಏನು ಕೊಡಬೇಕು ಎಂದು ಕಾಗದದ ಮೇಲೆ ಬರೆಯುವುದೇ ಕಸುಬಾಗಿದ್ದ ಮನುಷ್ಯ, ಯಾವ ಕಾಗದದಲ್ಲೂ ಇಲ್ಲದ ಈ ಭೇಟಿಗೆ ತಾನು ಋಣಿ ಎಂದು ಸಾಯುವ ಮೊದಲು ಊರಿಗೆಲ್ಲ ತಿಳಿಸಿದರು. ಇದು ಕಾಯಿಲೆಯಲ್ಲಿ ಹುಟ್ಟಿದ ಭಾವುಕತೆ ಮಾತ್ರವೇ, ಅಥವಾ ಅಲ್ಲಿ ನಿಜವಾಗಿ ಒಂದು ಋಣ ಇತ್ತೇ?

ಇರಲಿಲ್ಲ ಎನ್ನುವವರ ವಾದ ಸಣ್ಣದಲ್ಲ. ಕೆಲಸ ಮಾಡಿದ್ದಾರೆ, ಸಂಬಳ ತೆಗೆದುಕೊಂಡಿದ್ದಾರೆ, ಇದರಲ್ಲಿ ಉಪಕಾರವೇನು ಬಂತು? ಟಿಕೆಟ್ ಹರಿದು ಕೊಟ್ಟ ಕಂಡಕ್ಟರಿಗೆ ಯಾರೂ ಜನ್ಮವಿಡೀ ಋಣಿಯಾಗಿರುವುದಿಲ್ಲ. ಈ ವಾದಕ್ಕೆ ಒಂದು ನೈತಿಕ ಬಲವೂ ಇದೆ. ಚಿಕಿತ್ಸೆ ರೋಗಿಯ ಹಕ್ಕು. ಸರ್ಕಾರಿ ಆಸ್ಪತ್ರೆಯ ಬಡ ರೋಗಿ ತನಗೆ ಸಲ್ಲಬೇಕಾದದ್ದಕ್ಕೇ ಕೈಮುಗಿದು ನಿಲ್ಲಬೇಕಾದರೆ, ಅದು ಕೃತಜ್ಞತೆಯಲ್ಲ, ದೈನ್ಯ. ಇಷ್ಟನ್ನು ಒಪ್ಪಿಕೊಳ್ಳೋಣ. ಆದರೆ ‘ಸಲ್ಲಬೇಕಾದದ್ದು’ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಕೀಮೋ ಕೊಡುವ ಕೋಣೆಗೆ ಹೋಗಿ ನೋಡಬೇಕು. ಸ್ತನ ಕ್ಯಾನ್ಸರ್ ಮುಂತಾದವಕ್ಕೆ ಕೊಡುವ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲ ಮಾಂಸವನ್ನೇ ಸುಟ್ಟು ಹುಣ್ಣು ಮಾಡುತ್ತದೆ. ಹಾಗಾಗಿ ನರ್ಸ್ ಎಷ್ಟೋ ಸಲ ಪಕ್ಕದಲ್ಲೇ ಕೂತು, ಸಲೈನ್ ಹರಿಯುತ್ತಿರುವಾಗಲೇ ಸಿರಿಂಜಿನಿಂದ ನಿಧಾನವಾಗಿ ಅದನ್ನು ಒಳಬಿಡುತ್ತಾರೆ. ನಡುನಡುವೆ ಹಿಂದಕ್ಕೆಳೆದು ರಕ್ತ ಬರುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಕೆಲವು ಸುತ್ತು ಕೀಮೋ ಆದಮೇಲೆ ಕೈಯ ನರಗಳು ಗಟ್ಟಿಯಾಗುತ್ತವೆ, ಒಳಕ್ಕೆ ಸರಿಯುತ್ತವೆ. ಬಿಸಿನೀರಿನ ಬಟ್ಟೆ ಸುತ್ತುವುದು, ಕೈ ಇಳಿಬಿಡಿಸುವುದು, ಬೆರಳಿಂದ ಮೆಲ್ಲಗೆ ತಟ್ಟುವುದು, ಇವೆಲ್ಲ ಕಲಿತ ಕೆಲಸ, ಸಂಬಳದೊಳಗೇ ಬರುವ ಕೆಲಸ. ಇಷ್ಟಾದರೂ ಸೂಜಿ ಕೂರಲಿಲ್ಲ ಎನ್ನೋಣ. “ನಿಮ್ಮ ನರವೇ ಸರಿಯಿಲ್ಲ” ಎನ್ನಬಹುದು. “ಇವತ್ತು ಯಾಕೋ ನನ್ನ ಕೈ ಕೂರ್ತಿಲ್ಲಮ್ಮ, ಇನ್ನೊಬ್ಬ ಸಿಸ್ಟರನ್ನ ಕರೀತೀನಿ” ಎಂದೂ ಅನ್ನಬಹುದು. ಎರಡರಲ್ಲೂ ಸುದ್ದಿ ಒಂದೇ. ಮೊದಲನೆಯದರಲ್ಲಿ ತಪ್ಪು ಆಗಲೇ ಸೋತಿರುವ ರೋಗಿಯ ಮೈಮೇಲೆ ಬೀಳುತ್ತದೆ, ಎರಡನೆಯದರಲ್ಲಿ ನರ್ಸ್ ಅದನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾರೆ. ಯಾವ ರಿಜಿಸ್ಟರಿನಲ್ಲೂ ಇದಕ್ಕೊಂದು ಕಾಲಂ ಇಲ್ಲ. ಮೊದಲ ಮಾತಿಗೆ ಸಂಬಳ ಕಡಿತವಾಗುವುದಿಲ್ಲ, ಎರಡನೆಯದಕ್ಕೆ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ.

ರೋಮಿನ ಸೆನೆಕ ಎರಡು ಸಾವಿರ ವರ್ಷದ ಹಿಂದೆಯೇ ಈ ಪ್ರಶ್ನೆಯನ್ನು ವೈದ್ಯರ ವಿಷಯದಲ್ಲಿ ಎತ್ತಿದ್ದ. ಉಪಕಾರದ ಬಗ್ಗೆ ಅವನು ಬರೆದ ಗ್ರಂಥದಲ್ಲಿ ವಾದ ಹೀಗೆ ಸಾಗುತ್ತದೆ: ನಾವು ವೈದ್ಯನಿಗೆ ಕೊಡುವ ಹಣ ಆರೋಗ್ಯದ ಬೆಲೆಯಲ್ಲ, ಅದಕ್ಕೆ ಬೆಲೆ ಕಟ್ಟುವಂತಿಲ್ಲ, ಅವನು ತನ್ನ ಕೆಲಸ ಬಿಟ್ಟು ನಮಗಾಗಿ ವ್ಯಯಿಸಿದ ಹೊತ್ತಿನ ಪರಿಹಾರ ಅಷ್ಟೆ. ಆದರೂ ನಾಡಿ ಹಿಡಿದು, ಪಥ್ಯ ಹೇಳಿ, ಮುಂದಿನ ಮನೆಗೆ ನಡೆದ ವೈದ್ಯನಿಗೆ ಶುಲ್ಕ ಬಿಟ್ಟು ಬೇರೇನೂ ಬಾಕಿಯಿಲ್ಲ ಎಂದು ಸೆನೆಕ ಮುಲಾಜಿಲ್ಲದೆ ಹೇಳುತ್ತಾನೆ. ನನಗಾಗಿ ಆತಂಕಪಟ್ಟವನು, ಹತ್ತಾರು ರೋಗಿಗಳ ನಡುವೆಯೂ ನನ್ನನ್ನು ಒಬ್ಬ ಮನುಷ್ಯನೆಂದು ಕಂಡವನು ಮಾತ್ರ ಸ್ನೇಹಿತನ ಲೆಕ್ಕಕ್ಕೆ ಸೇರುತ್ತಾನೆ. ಈ ಕಟ್ಟುನಿಟ್ಟು ನನಗೆ ಹಿಡಿಸುತ್ತದೆ. ಎಲ್ಲ ನರ್ಸುಗಳಿಗೂ ಒಂದೇ ಉಸಿರಿನಲ್ಲಿ ಧನ್ಯವಾದ ಹೇಳುವುದು ಮೇ 12ರ ನರ್ಸುಗಳ ದಿನದ ಭಾಷಣಕ್ಕೆ ಸರಿ. ಋಣ ಎನ್ನುವುದು ಇಂಥ ದಿನ, ಇಂಥವರು, ಇಂಥದ್ದು ಮಾಡಿದರು ಎಂಬಲ್ಲಿ ಮಾತ್ರ ಹುಟ್ಟುತ್ತದೆ.

ಆ ಮೃದುತನವೂ ನಟನೆ ಇರಬಹುದಲ್ಲ ಎಂದು ಇನ್ನೊಬ್ಬರು ಕೇಳುತ್ತಾರೆ. ವಿಮಾನ ಕಂಪನಿಗಳು ಪರಿಚಾರಿಕೆಯರ ಮುಗುಳ್ನಗೆಯನ್ನೂ ಮಾರಾಟದ ಸರಕು ಮಾಡಿದ್ದನ್ನು ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. ಕಾರ್ಪೊರೇಟ್ ಆಸ್ಪತ್ರೆಗಳ ಸ್ವಾಗತದ ನಗುವಿನಲ್ಲಿ ಅದರ ನೆರಳು ಕಾಣದವರಿಲ್ಲ. ಆದರೆ ಭಾವವನ್ನು ರೂಢಿಸಿಕೊಳ್ಳುವುದೆಲ್ಲ ಸುಳ್ಳಾಗಬೇಕಿಲ್ಲ. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಕಾಲುಗಳೆಂದು ವೈದ್ಯ, ಔಷಧ, ಪರಿಚಾರಕ, ರೋಗಿ ಇವರನ್ನು ಎಣಿಸಿ, ಪರಿಚಾರಕನಲ್ಲಿ ಉಪಚಾರದ ತಿಳಿವಳಿಕೆ, ದಕ್ಷತೆ, ಶುಚಿತ್ವದ ಸಾಲಿನಲ್ಲೇ ರೋಗಿಯ ಮೇಲಿನ ಅನುರಾಗವನ್ನೂ ಇಡುತ್ತದೆ. ಕೈ ತೊಳೆಯುವುದನ್ನು ಕಲಿಯುವ ಹಾಗೆಯೇ ಪ್ರೀತಿಯನ್ನೂ ಅಭ್ಯಾಸ ಮಾಡಬೇಕು ಎಂಬ ಧೋರಣೆ ಇದು. ಹನ್ನೆರಡು ತಾಸಿನ ಪಾಳಿಯ ಕೊನೆಯಲ್ಲಿ, ಕಾಲು ಊದಿ, ಮನೆಯ ಚಿಂತೆ ತಲೆಯಲ್ಲಿ ತುಂಬಿರುವಾಗಲೂ ದನಿ ಏರಿಸದೆ ಮಾತಾಡಿದ ನರ್ಸಿನ ಒಳಗೆ ಆ ಕ್ಷಣ ಪ್ರೀತಿ ಉಕ್ಕುತ್ತಿತ್ತೇ ಎಂದು ಪರೀಕ್ಷೆ ಮಾಡಲು ನಾವು ಯಾರು? ಹುಟ್ಟಾ ಮೃದು ಸ್ವಭಾವದವರಿಗಿಂತ, ಸಿಡುಕನ್ನು ನುಂಗಿಕೊಂಡವರಿಗೇ ನಮ್ಮ ಋಣ ಹೆಚ್ಚು ಎಂಬುದು ನನ್ನ ಅನಿಸಿಕೆ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ಶ್ವಾರ್ಟ್ಜ್ ಅವರ ನರ್ಸ್ ಕಣ್ಣೊರೆಸಿಕೊಂಡದ್ದು ಎಳೆಯ ಮಗನ ಮಾತು ಬಂದ ಮೇಲೆ. ಹಾಗಾದರೆ ಮಗನಿಲ್ಲದವನ ಗತಿ? ಬೀಡಿ ಸೇದಿ ಗಂಟಲ ಕ್ಯಾನ್ಸರ್ ತಂದುಕೊಂಡ, ನೋಡಲು ಯಾರೂ ಬಾರದ, ಬಾಯಿ ತೆರೆದರೆ ಬೈಗುಳವೇ ಬರುವ ಮುದುಕನಿಗೆ ಯಾರು ಮೆತ್ತಗಾಗುತ್ತಾರೆ? ಕರುಣೆ ತನಗೆ ಹಿಡಿಸಿದವರ ಮೇಲೇ ಹರಿಯುವುದಾದರೆ, ಅದಕ್ಕಿಂತ ಎಲ್ಲರಿಗೂ ಒಂದೇ ಅಳತೆಯ ತಣ್ಣನೆಯ ಕರ್ತವ್ಯವೇ ಮೇಲು. ಬೌದ್ಧ ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಒಂದು ಪ್ರಸಂಗ ನೇರವಾಗಿ ಈ ಗಂಟಿಗೇ ಕೈ ಹಾಕುತ್ತದೆ. ಭೇದಿಯ ಕಾಯಿಲೆಯಿಂದ ನರಳುತ್ತಿದ್ದ ಒಬ್ಬ ಭಿಕ್ಷು ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ. ಆನಂದನೊಡನೆ ವಸತಿಗಳನ್ನು ನೋಡುತ್ತ ಬಂದ ಬುದ್ಧ, ನಿನ್ನನ್ನು ನೋಡಿಕೊಳ್ಳುವವರಿಲ್ಲವೇ ಎಂದು ಕೇಳುತ್ತಾನೆ. ಇಲ್ಲ ಎನ್ನುತ್ತಾನೆ ಭಿಕ್ಷು. ಯಾಕೆ ಎಂದರೆ, ನನ್ನಿಂದ ಉಳಿದ ಭಿಕ್ಷುಗಳಿಗೆ ಯಾವ ಉಪಯೋಗವೂ ಇಲ್ಲ, ಅದಕ್ಕೇ ಅವರು ನನ್ನನ್ನು ನೋಡುವುದಿಲ್ಲ ಎಂಬ ಉತ್ತರ. ಇಡೀ ಪ್ರಸಂಗದ ನೋವು ಈ ಉತ್ತರದಲ್ಲಿದೆ: ರೋಗಿಯೂ ಕೊಟ್ಟು ಪಡೆಯುವ ಲೆಕ್ಕವನ್ನೇ ನ್ಯಾಯವೆಂದು ಒಪ್ಪಿಕೊಂಡುಬಿಟ್ಟಿದ್ದಾನೆ. ಆನಂದ ನೀರು ತಂದ. ಬುದ್ಧ ನೀರು ಹೊಯ್ದ, ಆನಂದ ತೊಳೆದ. ಬುದ್ಧ ತಲೆಯ ಕಡೆ, ಆನಂದ ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆಸಿ, ಅಪ್ಪ ಅಮ್ಮನನ್ನು ಬಿಟ್ಟು ಬಂದ ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡುತ್ತಾರೆ, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದು ಬುದ್ಧ ಹೇಳಿದ.

ಇಲ್ಲಿ ಬುದ್ಧ ಆ ಭಿಕ್ಷುವಿನ ಕರ್ಮ ಏನೆಂದು ಕೇಳಲಿಲ್ಲ. ಕರ್ಮದ ಮಾತನ್ನು ಬಹಳವಾಗಿ ಆಡಿದ ಪರಂಪರೆಯೇ ಹಾಸಿಗೆಯ ಪಕ್ಕದಲ್ಲಿ ಅದನ್ನು ಬದಿಗಿಟ್ಟಿದೆ ಎಂಬುದನ್ನು ಗಮನಿಸಬೇಕು. ಕ್ಯಾನ್ಸರ್ ಬಂದದ್ದು ಹಣೆಬರಹ, ಒಳ್ಳೆಯ ನರ್ಸ್ ಸಿಕ್ಕಿದ್ದು ನಮ್ಮ ಪುಣ್ಯ, ಮಾಡಿಸಿದವನು ಮೇಲಿನವನು, ಆಕೆ ನಿಮಿತ್ತ ಎಂದು ನಮ್ಮಲ್ಲಿ ಹೇಳುವುದುಂಟು. ಆಸ್ತಿಕರಿಗೆ ಇದು ಸಮಾಧಾನ ಕೊಡುತ್ತದೆ, ನಿಜ. ಆದರೆ ಬೇಸರಿಸಿಕೊಂಡು ಮುಖ ತಿರುಗಿಸಲು ಆಕೆಗೆ ಸಾಧ್ಯವಿತ್ತು, ತಿರುಗಿಸಲಿಲ್ಲ. ಆ ಆಯ್ಕೆಯನ್ನು ದೇವರ ಖಾತೆಗೆ ಜಮಾ ಮಾಡಿದರೆ ನಾವು ಭಕ್ತರಾಗುವುದಿಲ್ಲ, ಲೆಕ್ಕ ತಪ್ಪಿಸಿದವರಾಗುತ್ತೇವೆ. ದೇವರಿಗೆ ಹರಕೆ ಸಲ್ಲಿಸಿ ಬಂದವರು ಆ ನರ್ಸಿನ ಹೆಸರನ್ನೂ ಕೇಳಿರುವುದಿಲ್ಲ ಎಂಬುದು ಅಪರೂಪವೇನಲ್ಲ.

ಮಹಾವಗ್ಗದ ಅದೇ ಭಾಗ ಮುಂದುವರಿದು ಒಳ್ಳೆಯ ಪರಿಚಾರಕನ ಐದು ಗುಣಗಳನ್ನು ಹೇಳುತ್ತದೆ: ಔಷಧ ಸಿದ್ಧಮಾಡಬಲ್ಲವನು, ಹಿತ ಅಹಿತ ಬಲ್ಲವನು, ಮಲ ಮೂತ್ರ ವಾಂತಿ ಎತ್ತಲು ಹೇಸದವನು, ಧರ್ಮದ ಮಾತಿನಿಂದ ರೋಗಿಯ ಮನಸ್ಸನ್ನು ಗೆಲುವಾಗಿಡಬಲ್ಲವನು, ಮತ್ತು ಲಾಭದಾಸೆಯಿಂದಲ್ಲದೆ ಮೈತ್ರಿಯಿಂದ ಸೇವೆ ಮಾಡುವವನು. ಮೈತ್ರಿಯ ಈ ಗುಣವನ್ನು ಎತ್ತಿ ಹಿಡಿಯುವವರು ಸಾಮಾನ್ಯವಾಗಿ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮುಚ್ಚಬಾರದು. ಅದರ ಬೆನ್ನಿಗೇ ಇನ್ನೊಂದು ವಿಧಿ ಇದೆ. ಭಿಕ್ಷು ಸತ್ತಾಗ ಅವನ ಪಾತ್ರೆ ಚೀವರಗಳು ಸಂಘಕ್ಕೆ ಸೇರಬೇಕು. ಆದರೂ ರೋಗಿಯನ್ನು ನೋಡಿಕೊಂಡವರು ಬಹಳ ಉಪಕಾರ ಮಾಡಿದವರಾದ್ದರಿಂದ ಸಂಘ ಅವನ್ನು ಅವರಿಗೆ ಕೊಡಬಹುದು, ನೋಡಿಕೊಂಡವನು ಇನ್ನೂ ದೀಕ್ಷೆ ಪೂರ್ತಿಯಾಗದ ಕಿರಿಯನಾದರೂ ಅವನಿಗೆ ಸಮಪಾಲು ಸಲ್ಲಬೇಕು. ಲಾಭಕ್ಕಾಗಿ ಮಾಡಬೇಡ ಎಂದ ಬಾಯಿಯೇ, ಮಾಡಿದವನಿಗೆ ಕೊಡಿ ಎನ್ನುತ್ತದೆ. ಇದು ವಿರೋಧಾಭಾಸವಲ್ಲ. ಮೊದಲ ಮಾತು ಸೇವೆ ಮಾಡುವವನಿಗೆ, ಎರಡನೆಯದು ಸೇವೆ ಪಡೆದ ಸಮುದಾಯಕ್ಕೆ. ವಿಳಾಸ ಅದಲುಬದಲಾದರೆ ಧರ್ಮವೇ ಅಧರ್ಮವಾಗುತ್ತದೆ. ಗೀತೆಯ ನಿಷ್ಕಾಮ ಕರ್ಮವೂ ಹಾಗೆಯೇ: ಫಲದ ಆಸೆ ಬಿಡುವುದು ಕರ್ಮ ಮಾಡುವವನು ತನಗೆ ತಾನೇ ಹಾಕಿಕೊಳ್ಳುವ ನಿಯಮ. ಅವನ ಪರವಾಗಿ ಅವನ ಯಜಮಾನ ಫಲತ್ಯಾಗ ಮಾಡಲು ಬರುವುದಿಲ್ಲ. ಶರಣರ ಕಥೆಯಲ್ಲೂ, ಗಂಡ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಿಂದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿಸಿ ಬರಲು ಕಳಿಸಿದವಳು ಆಯ್ದಕ್ಕಿ ಲಕ್ಕಮ್ಮ ತಾನೇ. ಮಹಾಮನೆಯವರು ಕಾಯಕದ ಹಿರಿಮೆ ಬೋಧಿಸಿ ಅವರ ಅಕ್ಕಿಯನ್ನು ಅರ್ಧಕ್ಕೆ ಇಳಿಸಿದ್ದರೆ ಆ ಕಥೆಯನ್ನು ಯಾರೂ ಹೆಮ್ಮೆಯಿಂದ ಹೇಳುತ್ತಿರಲಿಲ್ಲ.

ನಾವು ಇಂದು ನರ್ಸುಗಳಿಗೆ ಮಾಡುತ್ತಿರುವುದು ಬಹುಪಾಲು ಅಕ್ಕಿ ಇಳಿಸುವ ಕೆಲಸವೇ. ಕೋವಿಡ್ ಹೊತ್ತಿನಲ್ಲಿ, 2020ರ ಮಾರ್ಚ್ 22ರ ಸಂಜೆ ದೇಶವೆಲ್ಲ ತಟ್ಟೆ ಬಡಿದು ಕೃತಜ್ಞತೆ ಹೇಳಿತು. ಅದಕ್ಕೂ ನಾಲ್ಕು ವರ್ಷ ಮೊದಲೇ, 2016ರಲ್ಲಿ, ಸುಪ್ರೀಂ ಕೋರ್ಟಿನ ಸೂಚನೆಯಂತೆ ನೇಮಕವಾದ ಸಮಿತಿ ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿನ ತಿಂಗಳ ಸಂಬಳ 20,000 ರೂಪಾಯಿಗೆ ಕಡಿಮೆ ಇರಕೂಡದು ಎಂದಿತ್ತು. ತಟ್ಟೆಯ ಸದ್ದಿನಲ್ಲಿ ಈ ಅಂಕಿ ಯಾರಿಗೂ ನೆನಪಾಗಲಿಲ್ಲ. ದೇವತೆಗೆ ಪಿ.ಎಫ್. ಬೇಕಿಲ್ಲ, ರಾತ್ರಿ ಪಾಳಿಯ ನಂತರ ಮನೆಗೆ ಬಿಡುವ ವಾಹನ ಬೇಕಿಲ್ಲ. ನರ್ಸನ್ನು ದೇವತೆ ಎಂದು ಕರೆಯುವುದರ ಅನುಕೂಲ ಇದು. (ದೀಪ ಹಿಡಿದ ದೇವಿಯೆಂದು ಪೂಜೆಗೊಳ್ಳುವ ನೈಟಿಂಗೇಲ್ ತನ್ನ ಬದುಕಿನ ದೊಡ್ಡ ಪಾಲನ್ನು ಕಳೆದದ್ದು ಸಾವುಗಳ ಅಂಕಿಅಂಶ, ಚರಂಡಿ, ಗಾಳಿ ಬೆಳಕುಗಳ ವರದಿ ಬರೆಯುವುದರಲ್ಲಿ.) ಹಾಗೆಂದು, ಸಂಬಳ ಸರಿಯಾಗಿ ಕೊಟ್ಟರೆ ಋಣದ ಮಾತೇ ಬೇಡ ಎನ್ನುವುದೂ ಸರಿಯಲ್ಲ. ಸಂಬಳ ಹೆಚ್ಚಾದ ಕೂಡಲೇ ತಪ್ಪನ್ನು ತನ್ನ ಕೈಮೇಲೆ ಹಾಕಿಕೊಳ್ಳುವ ಆ ಮಾತು ತಾನಾಗಿ ಹುಟ್ಟುವುದಿಲ್ಲ. ಒಬ್ಬಳ ಮೇಲೆ ಮೂವರ ಕೆಲಸ ಬಿದ್ದಾಗ ಅದು ಹುಟ್ಟುವುದಕ್ಕೆ ಜಾಗವೇ ಉಳಿಯುವುದಿಲ್ಲ, ಅಷ್ಟೆ. ಜಾಗ ಮಾಡಿಕೊಡುವುದು ನಮ್ಮೆಲ್ಲರ ಬಾಧ್ಯತೆ, ಅದನ್ನು ತುಂಬಿದವರಿಗೆ ರೋಗಿ ಋಣಿ.

ಈ ಋಣವನ್ನು ರೋಗಿ ತೀರಿಸುವುದು ಹೇಗೆ? ಅದೇ ರೂಪದಲ್ಲಿ ತೀರಿಸಲಾಗದು. ಆಕೆಗೂ ಕಾಯಿಲೆ ಬರಲಿ, ನಾನು ನೋಡಿಕೊಳ್ಳುತ್ತೇನೆ ಎಂದು ಯಾರೂ ಬಯಸುವುದಿಲ್ಲ. ಡಿಸ್ಚಾರ್ಜಿನ ದಿನ ಕೊಡುವ ಸ್ವೀಟ್ ಬಾಕ್ಸ್ ಸಂತೋಷದ ವಿಷಯ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಹಾವಗ್ಗ ಪರಿಚಾರಕನ ಗುಣಗಳ ಜೊತೆಗೆ ರೋಗಿಯ ಗುಣಗಳನ್ನೂ ಪಟ್ಟಿ ಮಾಡಿದೆ, ಅದರಲ್ಲಿ ಒಂದು ಇಲ್ಲಿ ತುಂಬ ಹೊಂದುತ್ತದೆ: ತನ್ನ ಕಾಯಿಲೆ ಹೆಚ್ಚಿದಾಗ ಹೆಚ್ಚಿದೆ, ಕಡಿಮೆಯಾದಾಗ ಕಡಿಮೆಯಾಗಿದೆ ಎಂದು ನೋಡಿಕೊಳ್ಳುವವನಿಗೆ ಇದ್ದದ್ದು ಇದ್ದಂತೆ ತಿಳಿಸುವುದು. ನಮ್ಮ ರೋಗಿಗಳು, ಅದರಲ್ಲೂ ಹೆಂಗಸರು, ಪಾಪ ಸಿಸ್ಟರಿಗೆ ಯಾಕೆ ತೊಂದರೆ ಎಂದು ನೋವು ನುಂಗಿ ಸುಮ್ಮನಿರುತ್ತಾರೆ. ಸುಮ್ಮನಿರುವುದೇ ಮರ್ಯಾದೆ, ಅದೇ ಕೃತಜ್ಞತೆ ಎಂದುಕೊಂಡಿರುತ್ತಾರೆ. ಕೆಂಪು ಔಷಧಿ ಹೋಗುತ್ತಿರುವಾಗ ಸೂಜಿಯ ಹತ್ತಿರ ಸ್ವಲ್ಪ ಉರಿದರೂ ತಕ್ಷಣ “ಸಿಸ್ಟರ್, ಉರೀತಿದೆ” ಎಂದರೆ ಆಕೆ ಅಲ್ಲೇ ನಿಲ್ಲಿಸಿ ನೋಡಬಲ್ಲರು. ಆಕೆಗೆ ಆ ಹೊತ್ತಿನಲ್ಲಿ ರೋಗಿಯಿಂದ ಬೇಕಾಗಿರುವುದೂ ಅದೇ.