ರೊಟ್ಟಿಗೂ ಪಾವತಿ ಬೇಕು



ಕಳೆದ ಜಾತ್ರೆಯ ದಾಸೋಹದ ಲೆಕ್ಕ ತಾಳೆ ನೋಡುವಾಗ ನಮ್ಮ ತಪ್ಪೊಂದು ನಮಗೇ ಕಂಡಿತು. ಜತ್ತ, ಅಕ್ಕಲಕೋಟೆ ಕಡೆಯ ಹಳ್ಳಿಗಳಿಂದ ಬಂದ ಜೋಳದ ಚೀಲಕ್ಕೆಲ್ಲ ಪಾವತಿ ಇತ್ತು, ಪಾವತಿಯ ಮೇಲೆ ಯಜಮಾನರ ಹೆಸರಿತ್ತು. ಅದೇ ಹಳ್ಳಿಗಳ ತಾಯಂದಿರು ನಿದ್ದೆಗೆಟ್ಟು ಬಡಿದು ಕಳಿಸಿದ ರೊಟ್ಟಿಯ ಗಂಟುಗಳಿಗೆ ಮಾತ್ರ 'ಭಕ್ತರಿಂದ ಬಂದದ್ದು' ಎಂಬ ಒಂದೇ ಸಾಲು. ಬಿ.ಕಾಂ. ಓದಿದವರು ಬರೆದ ಲೆಕ್ಕ ಇದು!

ಆಗ ಅಮೆರಿಕದ ಮಾರ್ಗರೆಟ್ ನೈಟ್ ಎಂಬ ಹೆಣ್ಣುಮಗಳು ನೆನಪಾದಳು. ಅಂಗಡಿಯಲ್ಲಿ ಸಾಮಾನು ಹಾಕಿಕೊಡುವ, ತಳ ಚಪ್ಪಟೆಯಾಗಿ ನೆಟ್ಟಗೆ ನಿಲ್ಲುವ ಕಾಗದದ ಚೀಲವನ್ನು ನಾವೆಲ್ಲ ಬಲ್ಲೆವು. ಅದನ್ನು ಯಂತ್ರದಿಂದ ಮಾಡುವ ಬಗೆಯನ್ನು ಕಂಡುಹಿಡಿದವಳು ಆಕೆ. 1838ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಹತ್ತಿ ಗಿರಣಿಗೆ ದುಡಿಯಲು ಹೋದಳು. (ಗಿರಣಿಯ ದುಡಿಮೆ ಎಂಥದೆಂದು ಸೊಲ್ಲಾಪುರದವರಿಗೆ ನಾವು ಹೇಳಬೇಕಿಲ್ಲ.) ಮಗ್ಗದಿಂದ ಲಾಳಿ ಸಿಡಿದು ಕೆಲಸಗಾರರಿಗೆ ಪೆಟ್ಟಾಗುವುದನ್ನು ಕಂಡು, ಅದನ್ನು ತಡೆಯುವ ಸಾಧನವೊಂದನ್ನು 12ರ ವಯಸ್ಸಿನಲ್ಲೇ ಯೋಚಿಸಿದ್ದಳಂತೆ. ಅದಕ್ಕೆ ಹಕ್ಕುಪತ್ರವಿಲ್ಲ, ಕಾಸೂ ಬರಲಿಲ್ಲ.

ಮುಂದೆ ಸ್ಪ್ರಿಂಗ್‌ಫೀಲ್ಡ್ ಊರಿನ ಚೀಲದ ಕಾರಖಾನೆ ಸೇರಿದಳು. ಆಗ ಯಂತ್ರದಿಂದ ಬರುತ್ತಿದ್ದದ್ದು ಲಕೋಟೆಯಂಥ ಚೀಲ. ಚಪ್ಪಟೆ ತಳದ್ದನ್ನು ಕೈಯಿಂದಲೇ ಮಡಚಿ ಅಂಟಿಸಬೇಕಿತ್ತು. ಕಾಗದವನ್ನು ಕತ್ತರಿಸಿ, ಮಡಚಿ, ಅಂಟಿಸುವ ಯಂತ್ರದ ಮಾದರಿಯನ್ನು ಆಕೆ ಕಟ್ಟಿಗೆಯಲ್ಲಿ ಮಾಡಿದಳು. ಅದನ್ನೇ ಕಬ್ಬಿಣದಲ್ಲಿ ಮಾಡಿಸುತ್ತಿದ್ದಾಗ ನೋಡಿಹೋದ ಚಾರ್ಲ್ಸ್ ಅನ್ನಾನ್ ಎಂಬವನು ತನ್ನದೇ ಎಂದು ಪೇಟೆಂಟು ಮಾಡಿಸಹೊರಟ. ಆಕೆ ಸುಮ್ಮನಾಗಲಿಲ್ಲ. ಹೂಡಿದಳು ದಾವೆ. ತಾನು ಬರೆದಿಟ್ಟ ನಕ್ಷೆಗಳನ್ನೂ ಕಂಡ ಸಾಕ್ಷಿಗಳನ್ನೂ ಮುಂದಿಟ್ಟಳು. ಗೆದ್ದು, 1871ರಲ್ಲಿ ಪೇಟೆಂಟನ್ನು ತನ್ನ ಹೆಸರಿಗೇ ಪಡೆದಳು. ಬರೆದಿಟ್ಟದ್ದು ಕೈಹಿಡಿಯಿತು ನೋಡಿ. ಅಂಥ 20ಕ್ಕೂ ಹೆಚ್ಚು ಪೇಟೆಂಟು ಆಕೆಯ ಹೆಸರಿಗಿದ್ದವು. 1914ರಲ್ಲಿ ತೀರಿಕೊಂಡಾಗ ಉಳಿದ ಗಂಟು ಮಾತ್ರ 300 ಡಾಲರಿಗೂ ಕಡಿಮೆ.

ಜರ್ಮನಿಯ ಮೆಲಿಟ್ಟಾ ಬೆಂಟ್ಜ್ ಅಡಿಗೆಮನೆಯ ಗೃಹಿಣಿ. ಕಾಫಿಯ ಚರಟ ಬಾಯಿಗೆ ಬರುತ್ತದೆಂದು ಹಿತ್ತಾಳೆ ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ಒತ್ತುಕಾಗದ ಹಾಸಿ ಸೋಸಿದಳು. 1908ರಲ್ಲಿ ಅದನ್ನು ನೋಂದಾಯಿಸಿ ಕಂಪನಿ ತೆಗೆದಳು. ಬಂಡವಾಳ 73 ಪೆನ್ನಿಗ್, ಅಂದರೆ ಒಂದು ಮಾರ್ಕೂ ಅಲ್ಲ. ಹೆಸರು ಇಂದಿಗೂ ಆಕೆಯದೇ.

ಹೆಸರು ಹಾಕುವುದು ಅಹಂಕಾರವಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಕೇಳತಕ್ಕ ಮಾತೇ. ಆದರೆ ಕದಿರ ರೆಮ್ಮವ್ವೆಯನ್ನು ನೆನೆಯಿರಿ. ನೂಲುವ ಕಾಯಕದ ಆ ಶರಣೆಯ ಅಂಕಿತದಲ್ಲಿ ದೇವರ ಹೆಸರಿನ ಜೊತೆಗೆ ಕದಿರೂ ಇದೆ, ರೆಮ್ಮಿಯೂ ಇದ್ದಾಳೆ. ಅನುಭವ ಮಂಟಪದ ಶರಣರು ಅದನ್ನು ಅಹಂಕಾರವೆನ್ನಲಿಲ್ಲ. ದಾಸೋಹ ಮಾಡಿದವರು ಮರೆಯಬಹುದು, ಉಂಡವರು ಮರೆಯಬಾರದು.

ಪೂಜ್ಯರ ಅಪ್ಪಣೆಯಾಗಿದೆ. ಬರುವ ಶ್ರಾವಣದಿಂದ ರೊಟ್ಟಿಗೂ ಪಾವತಿ ಹರಿಯುತ್ತೇವೆ. ಬಡಿದವರ ಹೆಸರನ್ನು ಚೀಟಿಯಲ್ಲಿ ಬರೆದು ಗಂಟಿನಲ್ಲಿಡಿ. 'ಇಂಥವರ ಮನೆಯವರು' ಎಂದರೆ ನಡೆಯುವುದಿಲ್ಲ, ಆ ತಾಯಿಯ ಹೆಸರೇ ಬೇಕು. ಕಳೆದ ಜಾತ್ರೆಗೆ ಕಳಿಸಿದವರೂ ತಿಳಿಸಿದರೆ ಆ ಪುಟದಲ್ಲಿ ಜಾಗ ಬಿಟ್ಟಿದ್ದೇವೆ.