ಮಣಿಕಟ್ಟಿನ ಲೆಕ್ಕ

ನಮ್ಮ ಮನೆಗೆ ಬಟ್ಟೆ ಒಗೆಯಲು ಬರುವ ಹೆಂಗಸು ಒಂದು ದಿನ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಆಗ ಅದಕ್ಕೆ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಹೊಳೆದಿದೆ ಎನ್ನಲಾರೆ. ಪ್ರಶ್ನೆ ಮೂರೇ ಮಾತಿನದು: "ಇದರಿಂದ ಏನು ಬರ್ತೈತ್ರಿ?"

'ಇದು' ಎಂದು ಅವಳು ತೋರಿಸಿದ್ದು ನನ್ನ ಬಲಗೈಯಲ್ಲಿದ್ದ ಒಂದು ಚೆಂಡನ್ನು. ಕಿತ್ತಳೆ ಹಣ್ಣಿನ ಗಾತ್ರ. ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಭಾರವಾದ ಒಂದು ಗಾಲಿ. ಬೆಳಗಿನ ಕಾಫಿಯಾದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಕುಳಿತು ನಾನು ಅದನ್ನು ಗಿರ್ರನೆ ತಿರುಗಿಸುತ್ತಿದ್ದೆ. ನಾಲ್ಕು ಮೊಳದಾಚೆ ಅವಳು ಕಲ್ಲಿನ ಮೇಲೆ ದುಪ್ಪಟಿ ಒಗೆಯುತ್ತಿದ್ದಳು. ಮನೆಯಲ್ಲಿ ಒಗೆಯುವ ಯಂತ್ರವೇನೋ ಇದೆ. ಆದರೆ ದುಪ್ಪಟಿ ಜಮಖಾನಗಳಿಗೆ ಕಲ್ಲೇ ಸರಿ ಎಂಬುದು ನಮ್ಮ ಮನೆಯವರ ಅಭಿಪ್ರಾಯ.

"ಕೈಗೆ ಬಲ ಬರುತ್ತೆ" ಎಂದೆ.

"ಬಲ ಬಂದ ಮ್ಯಾಲೆ ಅದರಿಂದ ಏನು ಮಾಡ್ತೀರಿ?" ಎಂದಳು. ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆ ಮಾತ್ರ ಇತ್ತು. ನನ್ನ ಉತ್ತರಕ್ಕೆ ಕಾಯದೆ ದುಪ್ಪಟಿಯನ್ನು ಮಡಿಸಿ ಹಿಂಡತೊಡಗಿದಳು.

ಚೆಂಡು ನನ್ನ ಕೈಗೆ ಬಂದ ಕಥೆ ದೊಡ್ಡದಲ್ಲ. ವರ್ಷಗಟ್ಟಲೆ ಗಣಕದ ಕೀಲಿಗಳನ್ನು ಕುಟ್ಟಿ, ಮಿಕ್ಕ ಹೊತ್ತಿನಲ್ಲಿ ಮೊಬೈಲು ಹಿಡಿದು, ನನ್ನ ಮಣಿಕಟ್ಟು ಸೋತುಹೋಗಿತ್ತು. ನೀರು ತುಂಬಿದ ತಂಬಿಗೆ ಎತ್ತಿದರೆ ಕೈ ಸಣ್ಣಗೆ ನಡುಗುತ್ತಿತ್ತು. ಕೆಲಸ ಮಾಡಿ ದಣಿದ ಕೈಯಲ್ಲ ಅದು, ಕೆಲಸವಿಲ್ಲದೆ ದಣಿದ ಕೈ. ಡಾಕ್ಟರು ಪರೀಕ್ಷಿಸಿ, ರೋಗವೇನಿಲ್ಲ, ಹದವಾಗಿ ವ್ಯಾಯಾಮ ಕೊಡಿ ಎಂದರು. ಬೆಂಗಳೂರಿನಲ್ಲಿರುವ ಸೋದರಳಿಯ ಈ ಚೆಂಡನ್ನು ತಂದುಕೊಟ್ಟ.

ಬುಗುರಿ ಆಡಿದವರಿಗೆ ಇದರ ಮರ್ಮ ತಿಳಿಸುವುದು ಕಷ್ಟವಲ್ಲ. ತಿರುಗುವ ಬುಗುರಿಯನ್ನು ಒಂದು ಕಡೆಗೆ ತಳ್ಳಿದರೆ ಅದು ತಳ್ಳಿದ ಕಡೆಗೆ ಬೀಳುವುದಿಲ್ಲ. ಅಡ್ಡಕ್ಕೆ ವಾಲಿ, ತಲೆಯನ್ನು ಮೆಲ್ಲಗೆ ಸುತ್ತಿಸುತ್ತದೆ. ಇದೇ ಗುಣವುಳ್ಳ ಗಾಲಿಯೊಂದನ್ನು ಬಳಸಿ ಫ್ರಾನ್ಸಿನ ವಿಜ್ಞಾನಿ ಫೂಕೋ ಭೂಮಿ ತಿರುಗುವುದನ್ನು ತೋರಿಸಲು ಹೊರಟು, ೧೮೫೨ರಲ್ಲಿ ಆ ಉಪಕರಣಕ್ಕೆ ಜೈರೋಸ್ಕೋಪು ಎಂದು ಹೆಸರಿಟ್ಟ. ಅದನ್ನು ಅಂಗೈಯ ಚೆಂಡಾಗಿಸಿದವನು ಅಮೆರಿಕದ ಆರ್ಚಿ ಮಿಶ್ಲರ್. ಅವನಿಗೆ ೧೯೭೩ರಲ್ಲಿ ಅದರ ಪೇಟೆಂಟು ದೊರೆಯಿತು. ಚಿಪ್ಪಿನ ಒಳಮೈಯಲ್ಲಿ ಸುತ್ತಲೂ ಒಂದು ಗಾಡಿ ಇದೆ. ಗಾಲಿಯ ಅಚ್ಚಿನ ಎರಡು ತುದಿಗಳೂ ಅದರಲ್ಲಿ ಕುಳಿತಿವೆ. ದಾರ ಸುತ್ತಿ ಎಳೆದು ಗಾಲಿಗೆ ಮೊದಲ ವೇಗ ಕೊಟ್ಟು, ಮಣಿಕಟ್ಟನ್ನು ವೃತ್ತವಾಗಿ ಆಡಿಸಬೇಕು. ಆಗ ಅಚ್ಚಿನ ಒಂದು ತುದಿ ಗಾಡಿಯ ಮೇಲಂಚನ್ನೂ ಇನ್ನೊಂದು ತುದಿ ಕೆಳಅಂಚನ್ನೂ ಒತ್ತಿ, ಆ ಅಂಚುಗಳ ಮೇಲೆ ಉರುಳುತ್ತ ಹೋಗುತ್ತದೆ. ಉರುಳಿದಷ್ಟೂ ಗಾಲಿಯ ವೇಗ ಏರುತ್ತದೆ. ವೇಗ ಏರಿದಷ್ಟೂ ಚೆಂಡು ಕೈಗೆ ಎದುರು ನಿಲ್ಲುತ್ತದೆ.

ಇದಕ್ಕೆ ಬೇಕಾದದ್ದು ರಟ್ಟೆಯ ರಭಸವಲ್ಲ, ಲಯ. ಮೊದಲ ದಿನ ಹಲ್ಲು ಕಚ್ಚಿ ತಿರುಗಿಸಿದೆ. ಚೆಂಡು ಕಟಕಟ ಸದ್ದು ಮಾಡಿ ಸತ್ತುಹೋಯಿತು. ವಾರದ ಮೇಲೆ, ಅದರ ನಡೆಗೆ ಕಿವಿಗೊಟ್ಟು ಕೈಯನ್ನು ಅದರ ಹಿಂದೆ ಬಿಟ್ಟಾಗ, ಎಚ್ಚೆತ್ತು ಗುಂಯ್‌ಗುಟ್ಟಿತು. ಅದರ ನೆತ್ತಿಯ ಮೇಲೊಂದು ಲೆಕ್ಕದ ಕಿಟಕಿಯೂ ಇದೆ. ಒಂದು ದಿನ ಅದರಲ್ಲಿ ನಿಮಿಷಕ್ಕೆ ೮,೦೦೦ ಸುತ್ತು ಎಂದು ತೋರಿತು. ಆ ಹೊತ್ತಿನಲ್ಲಿ ನನಗಾದ ಹೆಮ್ಮೆಯನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅದನ್ನು ಮನೆಯವರಿಗೆಲ್ಲ ಕರೆದು ತೋರಿಸಿದೆ. ಆ ಹೆಮ್ಮೆಯ ಮರುದಿನವೇ ಈ ಪ್ರಶ್ನೆ ಬಂದದ್ದು.

ದಾವಣಗೆರೆ ಮಣಿಕಟ್ಟಿನ ಮೇಲೆ ಬೆಳೆದ ಊರು ಎಂದರೆ ತಪ್ಪಾಗಲಾರದು. ಹತ್ತಿಯ ಗಿರಣಿಗಳಿಂದಾಗಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ, ಕಡಿದ ಎಳೆಯನ್ನು ಓಡುವ ಯಂತ್ರದ ಮುಂದೆಯೇ ಹಿಡಿದು ಹೊಸೆಯುವ ಕೈಗಳಿದ್ದವು. ಗಿರಣಿಗಳ ಸದ್ದು ಅಡಗಿತು. ಮಂಡಕ್ಕಿ ಭಟ್ಟಿಗಳು ಇನ್ನೂ ಇವೆ. ಅಲ್ಲಿ ಕಾದ ಮರಳಿನಲ್ಲಿ ಅಕ್ಕಿಯನ್ನು ಬಿಡದೆ ಆಡಿಸುತ್ತಿರಬೇಕು. ಒಂದು ಗಳಿಗೆ ಕೈ ನಿಂತರೆ ಅಕ್ಕಿ ಸೀದುಹೋಗುತ್ತದೆ. ಬೆಣ್ಣೆದೋಸೆಯ ಹೋಟೆಲಿನಲ್ಲಿ ಹಿಟ್ಟು ಬಿಟ್ಟು ದುಂಡಗೆ ಎಳೆಯುವವನದೂ ಮಣಿಕಟ್ಟಿನ ವಿದ್ಯೆಯೇ. ಈ ಕೈಗಳು ತಿರುಗಿದ್ದಕ್ಕೆ ಕಿಟಕಿಯಲ್ಲಿ ಯಾವ ಅಂಕಿಯೂ ಕಾಣುವುದಿಲ್ಲ. ದಾರ ಕಾಣುತ್ತದೆ, ಮಂಡಕ್ಕಿ ಕಾಣುತ್ತದೆ, ದೋಸೆ ಕಾಣುತ್ತದೆ. "ಏನು ಬರ್ತೈತ್ರಿ" ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಗರಡಿಮನೆಯ ಸಾಮು ಮಾತ್ರ ಏನನ್ನು ಉತ್ಪಾದಿಸುತ್ತಿತ್ತು, ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು. ನಮ್ಮ ಕಡೆ ಹುಡುಗರು ದಂಡ ಬಸ್ಕಿ ಹೊಡೆದರು, ಗದೆ ತಿರುಗಿಸಿದರು, ಗುಂಡುಕಲ್ಲು ಎತ್ತಿದರು. ಎತ್ತಿದ ಕಲ್ಲನ್ನು ಮತ್ತೆ ಅಲ್ಲಿಯೇ ಹಾಕಿದರು. ಗೋಡೆ ಕಟ್ಟಲಿಲ್ಲ. ಆದರೂ ಅವರನ್ನು ಯಾರೂ ಏನು ಬಂತೆಂದು ಕೇಳಲಿಲ್ಲ. ಏಕೆಂದರೆ ಪೈಲವಾನನ ಮೈ ಅವನೊಬ್ಬನದಾಗಿರಲಿಲ್ಲ. ಓಣಿಯವರು ಅವನಿಗೆ ಹಾಲು ಬಾದಾಮಿ ಕೊಟ್ಟರು. ಅವನು ಗೆದ್ದರೆ ಓಣಿ ಗೆದ್ದಿತು. ಬಂಡಿ ಹಳ್ಳದಲ್ಲಿ ಹೂತರೆ ಮೊದಲು ಕೂಗುತ್ತಿದ್ದುದು ಅವನ ಹೆಸರನ್ನು. ಅವನ ಬಲ ಊರಿನ ಕಣಜದಲ್ಲಿತ್ತು. ನನ್ನ ಬಲವೋ, ಚೆಂಡಿನ ಕಿಟಕಿಯಲ್ಲಿ ಅರೆಗಳಿಗೆ ಮಿನುಗಿ ಆರಿಹೋಗುವ ಒಂದು ಅಂಕಿ.

ಹನ್ನೆರಡನೆಯ ಶತಮಾನದ ಶರಣರಿಗೆ ಈ ಲೆಕ್ಕ ಚೆನ್ನಾಗಿ ತಿಳಿದಿತ್ತು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ನಾವೆಲ್ಲ ಬಲ್ಲೆವು. ಬಿದ್ದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಮಿಕ್ಕದ್ದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದಳು. ನಾವು ಈ ಕಥೆಯನ್ನು ದುರಾಸೆಯ ವಿಷಯಕ್ಕೆ ಹೇಳುತ್ತೇವೆ. ಆದರೆ ಹೆಚ್ಚಾದ ಅಕ್ಕಿಗೆ ಸಲ್ಲುವ ನ್ಯಾಯ ಹೆಚ್ಚಾದ ಬಲಕ್ಕೂ ಸಲ್ಲಬೇಡವೇ? ನನ್ನ ಬದುಕಿಗೆ ಬೇಕಾದದ್ದಕ್ಕಿಂತ ಹೆಚ್ಚು ಶಕ್ತಿ ನನ್ನ ತೋಳಿನಲ್ಲಿ ಉಳಿಯುತ್ತಿದೆ. ಅದಕ್ಕೆ ಕಾರಣ, ನನ್ನ ಪಾಲಿನ ಹಿಂಡುವ, ತಿಕ್ಕುವ, ಸೇದುವ ಕೆಲಸವನ್ನು ಬೇರೊಬ್ಬರು ಮಾಡುತ್ತಿದ್ದಾರೆ. ಉಳಿದದ್ದನ್ನು ಎಲ್ಲಿ ಸುರಿಯಬೇಕು? ನಾನು ಚೆಂಡಿನಲ್ಲಿ ಸುರಿಯುತ್ತಿದ್ದೆ. ಗಾಂಧೀಜಿ ಯೆರವಡಾ ಸೆರೆಮನೆಯಿಂದ ೧೯೩೦ರಲ್ಲಿ ಆಶ್ರಮಕ್ಕೆ ಬರೆದ ಕಾಗದಗಳಲ್ಲಿ, ಉಣ್ಣುವವನು ಮೈಮುರಿದು ದುಡಿಯಲೇಬೇಕೆಂಬ ವ್ರತದ ಮಾತು ಬರುತ್ತದೆ. ಬುದ್ಧಿಯಿಂದ ದುಡಿಯುವವನಿಗೂ ಅದರಿಂದ ವಿನಾಯಿತಿಯಿಲ್ಲ. ಅವರ ಚರಕವೂ ತಿರುಗುವ ಗಾಲಿಯೇ. ಅದರ ತುದಿಯಲ್ಲಿ ನೂಲು ಬರುತ್ತಿತ್ತು ಎಂಬುದಷ್ಟೇ ವ್ಯತ್ಯಾಸ.

ಹಾಗೆಂದು ಚೆಂಡಿನ ಮೇಲೆ ಪಾಪ ಹೊರಿಸುವುದು ಸುಲಭ. ಸುಲಭವಾದ್ದರಿಂದಲೇ ಅನುಮಾನ ಬರಬೇಕು. ಎಲ್ಲ ಚಲನೆಗೂ ಫಲ ಬೇಕೆಂದರೆ ಹುಡುಗನ ಬುಗುರಿಯನ್ನು ಕಿತ್ತುಕೊಳ್ಳಬೇಕು. ಸಂಜೆ ತುಂಗಭದ್ರೆಯ ದಂಡೆಯಲ್ಲಿ ಸುಮ್ಮನೆ ಅಡ್ಡಾಡುವವನಿಗೆ ದಂಡ ಹಾಕಬೇಕು. ವೀಣೆಯ ತಂತಿಯ ಮೇಲೆ ಓಡುವ ಬೆರಳಿಗೂ ಲೆಕ್ಕ ಕೇಳಬೇಕು. ಅಂಥ ಊರಿನಲ್ಲಿ ಬಾಳುವುದು ನನ್ನಿಂದಾಗದು. ಅಲ್ಲದೆ ಸೋತ ಕೈಯನ್ನು ಸರಿಪಡಿಸಿಕೊಳ್ಳುವುದು ತಪ್ಪೇ?

ಈ ಗೊಂದಲವನ್ನು ಹೊತ್ತುಕೊಂಡು ಒಂದು ಭಾನುವಾರ ಹರಿಹರಕ್ಕೆ ಹೋದೆ. ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಅಲ್ಲಿ ನನ್ನ ಹಿರಿಯ ಮಿತ್ರರೊಬ್ಬರಿದ್ದಾರೆ. ೧೯೪೧ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಬಹುಕಾಲ ಟರ್ನರ್ ಆಗಿದ್ದವರು. ಲೇತ್ ಯಂತ್ರಗಳಿಂದ ಹರಿಹರದ ಹೆಸರನ್ನು ದೇಶಕ್ಕೆಲ್ಲ ಒಯ್ದ ಆ ಕಾರ್ಖಾನೆ ಈ ಶತಮಾನದ ಮೊದಲ ವರ್ಷಗಳಲ್ಲಿ ನಿಂತುಹೋಯಿತು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯ ಜಗಲಿಯಲ್ಲಿ ಕುಳಿತು ಮಾತನಾಡಿದೆವು. ಚೆಂಡನ್ನು ಅವರ ಕೈಗೆ ಕೊಟ್ಟೆ. ನಾನು ವಾರ ಕಳೆದು ಕಲಿತದ್ದನ್ನು ಅವರು ಎರಡನೆಯ ಸಲಕ್ಕೇ ಸಾಧಿಸಿದರು. ಕಿಟಕಿಯ ಅಂಕಿಯ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ, ಚಿಪ್ಪಿನ ಮೇಲೆ ಬೆರಳಿಟ್ಟು, "ಗಾಲಿಯ ತೂಕ ಸಮವಾಗಿದೆ, ಒಳ್ಳೆಯ ಕೆಲಸ" ಎಂದರು. ಮಾಡಿದವನ ಕೈಯನ್ನು ಅವರು ಗುರುತಿಸಿದ್ದರು.

ಆಮೇಲೆ ಅವರು ಹೇಳಿದ್ದು ಇಷ್ಟು: "ಲೇತಿನ ಮುಂದೆ ಎಡಗೈಗೆ ಒಂದು ಚಕ್ರ, ಬಲಗೈಗೆ ಒಂದು ಹಿಡಿ. ನಮ್ಮ ದೇವರಂತೆ, ಅರ್ಧ ಹರಿ, ಅರ್ಧ ಹರ. ಕಾರ್ಖಾನೆ ಮುಚ್ಚಿದ ಮೇಲೆ ಬಹಳ ದಿನ ನನ್ನ ಕೈಗಳು ನಿದ್ದೆಯಲ್ಲೂ ತಿರುಗುತ್ತಿದ್ದವಂತೆ, ಮನೆಯಾಕೆ ಹೇಳುತ್ತಿದ್ದಳು. ಕೈಗೆ ಕೆಲಸ ತಪ್ಪಿದರೆ ಎಷ್ಟು ನೋವೆಂದು ನನಗೆ ಗೊತ್ತು. ಆಗ ಇಂಥದೊಂದು ಸಿಕ್ಕಿದ್ದರೆ ನಾನೂ ತಿರುಗಿಸುತ್ತಿದ್ದೆ. ಆದರೆ ಇದು ಕೈಯನ್ನು ಸಮಾಧಾನ ಮಾಡುತ್ತದೆ, ಕೈಗೆ ಕೆಲಸ ಕೊಡುವುದಿಲ್ಲ. ಅವೆರಡೂ ಒಂದೇ ಎಂದುಕೊಳ್ಳಬೇಡಿ."

ಈ ಮಾತನ್ನು ನಾನು ಒಪ್ಪಿಕೊಂಡು ಬಂದೆ. ಒಪ್ಪಿಕೊಳ್ಳುವುದು ಬೇರೆ, ತಿಳಿಯುವುದು ಬೇರೆ. ತಿಳಿದದ್ದು ಕೆಲವು ದಿನಗಳ ಮೇಲೆ.

ಅಂದು ಆ ಹೆಂಗಸು ಬಲ ಮಣಿಕಟ್ಟಿಗೆ ಬಟ್ಟೆಯ ಚೂರು ಬಿಗಿದುಕೊಂಡು ಬಂದಳು. ಊದಿತ್ತು. ನಾಲ್ಕು ಮನೆ ಕೆಲಸ. ಮಳೆಗಾಲವಾದ್ದರಿಂದ ನೀರು ಪೂರ್ತಿ ಇಳಿಯುವ ತನಕ ಹಿಂಡಬೇಕು. ನನಗೆ ಕನಿಕರ ಉಕ್ಕಿತು. ಕನಿಕರದ ಭರದಲ್ಲಿ ನಾನು ಮಾಡಿದ್ದೇನೆಂದು ಹೇಳಲು ಈಗ ನಾಚಿಕೆಯಾಗುತ್ತದೆ: ಒಳಗೆ ಹೋಗಿ ಚೆಂಡನ್ನು ತಂದು ಅವಳ ಮುಂದೆ ಹಿಡಿದೆ. "ನೀನೂ ದಿನಾ ಹತ್ತು ನಿಮಿಷ ಇದನ್ನು ತಿರುಗಿಸು, ನನಗೆ ಎಷ್ಟೋ ಗುಣವಾಗಿದೆ" ಎಂದೆ.

ಅವಳು ಚೆಂಡನ್ನು ನೋಡಿದಳು, ನನ್ನನ್ನು ನೋಡಿದಳು. ಕೋಪ ಮಾಡಿಕೊಳ್ಳಬಹುದಿತ್ತು; ನಕ್ಕಳು. "ತಿರುವಿ ತಿರುವೀನೇ ಬಂದಿರೋದಲ್ರೀ ಈ ನೋವು" ಎಂದಳು.

ಒಂದೇ ಹಿತ್ತಲು, ಎರಡು ಮಣಿಕಟ್ಟು, ಎರಡಕ್ಕೂ ನೋವು. ಒಂದಕ್ಕೆ ತಿರುಗದೆ ಬಂದ ನೋವು, ಒಂದಕ್ಕೆ ತಿರುಗಿ ತಿರುಗಿ ಬಂದ ನೋವು. ಮೊದಲನೆಯದಕ್ಕೆ ಬೇಕಾದ ಮದ್ದು ಎರಡನೆಯದರ ಬುಟ್ಟಿಯಲ್ಲಿಯೇ ಇತ್ತು. ಎರಡನೆಯದಕ್ಕೆ ಬೇಕಾದ ವಿಶ್ರಾಂತಿಯನ್ನು ಮೊದಲನೆಯದು ಅನುಭವಿಸುತ್ತಿತ್ತು. ಇಷ್ಟು ಸಮೀಪದಲ್ಲಿದ್ದ ಲೆಕ್ಕವನ್ನು ಬಿಟ್ಟು ನಾನು ಅಂಗಡಿಯಿಂದ ಬಂದ ಚೆಂಡಿನ ಕಿಟಕಿಯಲ್ಲಿ ಲೆಕ್ಕ ನೋಡುತ್ತಿದ್ದೆ. ವ್ಯಾಯಾಮ ಪಾಪವಲ್ಲ. ಆದರೆ ನನ್ನ ವ್ಯಾಯಾಮಕ್ಕೆ ಬಿಡುವು ಬಂದದ್ದು ಯಾರ ಕೈಯಿಂದ ಎಂದು ಕೇಳದೆ ಇರುವುದು ತಪ್ಪು.

ಅಂದು ದುಪ್ಪಟಿಯನ್ನು ನಾನು ಹಿಂಡುತ್ತೇನೆಂದು ಹೇಳಿ ತೆಗೆದುಕೊಂಡೆ. ನಿಮಿಷಕ್ಕೆ ೮,೦೦೦ ಸುತ್ತಿನ ಮಣಿಕಟ್ಟು ಎರಡು ತಿರುವಿಗೆ ಸೋತಿತು. ಬಟ್ಟೆ ಕೈಯಿಂದ ಜಾರಿ ಕೆಸರಿಗೆ ಬಿತ್ತು. ಅದನ್ನು ಅವಳು ಮತ್ತೆ ಜಾಲಿಸಬೇಕಾಯಿತು. ಹಿಂಡುವುದು ಮಣಿಕಟ್ಟಿನ ಕೆಲಸವಲ್ಲ, ಸೊಂಟದಿಂದ ಹೊರಟು ಭುಜದ ಮೂಲಕ ಬರಬೇಕಾದದ್ದು, ಮಣಿಕಟ್ಟು ಕೊನೆಯಲ್ಲಿ ಬೀಗ ಹಾಕುತ್ತದೆ ಅಷ್ಟೆ ಎಂದು ಅವಳು ನಿಂತು ತೋರಿಸಿದಳು. ಅದಕ್ಕೂ ಲಯವಿದೆ. ಆ ಲಯ ಗೊತ್ತಿದ್ದೂ ಕೈ ಊದಿದೆ ಎಂದರೆ, ಎಷ್ಟು ದುಪ್ಪಟಿಗಳಾಗಿರಬೇಕು!

ಈಗ ದುಪ್ಪಟಿ ಜಮಖಾನಗಳನ್ನು ಹಿಂಡಿ ಹರವುವುದು ನನ್ನ ಪಾಲಿಗೆ ಬಂದಿದೆ. ಅವಳ ಸಂಬಳದಲ್ಲಿ ಕಡಿತವಾಗಿಲ್ಲ. ಇದನ್ನು ಹೇಳುವುದು ಹೊಗಳಿಕೆಗಲ್ಲ. ಮಿಕ್ಕ ಮೂರು ಮನೆಗಳಲ್ಲಿ ಅವಳ ಕೈ ಎಂದಿನಂತೆಯೇ ತಿರುಗುತ್ತಿದೆ ಎಂಬುದನ್ನು ನಾನು ಬಲ್ಲೆ. ಒಬ್ಬನ ಹಿತ್ತಲಿನಲ್ಲಿ ಲೋಕದ ಲೆಕ್ಕ ಸರಿಹೋಗುವುದಿಲ್ಲ. ಚೆಂಡನ್ನೂ ನಾನು ಎಸೆದಿಲ್ಲ. ಮೇಜಿನ ಮೇಲಿದೆ, ಮನಸ್ಸು ಬಂದಾಗ ತಿರುಗಿಸುತ್ತೇನೆ, ಅದು ಗುಂಯ್‌ಗುಟ್ಟುವುದನ್ನು ಕೇಳುವುದು ಇಂದಿಗೂ ಸಂತೋಷವೇ. ಕಿಟಕಿಯ ಅಂಕಿಯನ್ನು ಮನೆಯವರಿಗೆ ತೋರಿಸುವುದನ್ನು ಮಾತ್ರ ಬಿಟ್ಟಿದ್ದೇನೆ.

ನಾನು ಹಿಂಡಿದ ದುಪ್ಪಟಿಯನ್ನು ಹಗ್ಗದ ಮೇಲೆ ಹಾಕಿದರೆ ಇನ್ನೂ ತೊಟ್ಟಿಕ್ಕುತ್ತದೆ. ಅವಳು ಹೋಗುವಾಗ ಅದನ್ನು ಮುಟ್ಟಿ ನೋಡಿ, ಮಾತಾಡದೆ, ತುದಿಯನ್ನು ಹಿಡಿದು ಮತ್ತೊಂದು ಸಲ ತಿರುವಿ ಹೋಗುತ್ತಾಳೆ.